ಮಳೆಗಾಲದಲ್ಲಿ ಹತ್ತಿ ಆರುವ ಪ್ಲೇಸ್ಟೇಷನ್: ‘ಮದರ್‌ಬೋರ್ಡ್ ಹೋಗಿದೆ’ ಎಂದು ಒಪ್ಪುವ ಮೊದಲು

ಪ್ರಶ್ನೆ: ಕೊಡಗಿನ ನಾಪೋಕ್ಲು ಬಳಿ ತೋಟದ ಮನೆ ನಮ್ಮದು. ಐದು ವರ್ಷ ಹಳೆಯ ಪ್ಲೇಸ್ಟೇಷನ್ 4 ಸ್ಲಿಮ್ ಇದೆ. ಜೂನ್‌ನಲ್ಲಿ ಮಳೆ ಹಿಡಿದಾಗಿನಿಂದ ಬಟನ್ ಒತ್ತಿದರೆ ಬೀಪ್ ಅನ್ನುತ್ತದೆ, ನೀಲಿ ದೀಪ ಮಿಣುಕುತ್ತದೆ, ಟಿವಿಯಲ್ಲಿ ಏನೂ ಬರುವುದಿಲ್ಲ, ಒಂದು ನಿಮಿಷದೊಳಗೆ ಆರಿಹೋಗುತ್ತದೆ. ನಾಲ್ಕೈದು ಸಲ ಒತ್ತಿದರೆ ಒಮ್ಮೆ ಆನ್ ಆಗುತ್ತದೆ. ಆನ್ ಆದರೆ ಎರಡು ಮೂರು ಗಂಟೆ ಓಡುತ್ತದೆ, ಆದರೆ ಫ್ಯಾನ್ ಸದ್ದು ಕೇಳಲಾಗದು. ಕಂಟ್ರೋಲರ್‌ನ ಎಡಗಡೆ ಸ್ಟಿಕ್ ಮುಟ್ಟದಿದ್ದರೂ ಸರಿಯುತ್ತದೆ. ಅಂಗಡಿಯಲ್ಲಿ ‘ಮದರ್‌ಬೋರ್ಡ್ ಹೋಗಿದೆ, ಹೊಸದು ತಗೊಳ್ಳಿ’ ಅಂದರು. ಮನೆಯಲ್ಲೇ ಏನಾದರೂ ಮಾಡಬಹುದೇ? ಮಗ ಆಟಗಳಲ್ಲಿ ಎಲ್ಲಿಯವರೆಗೆ ಬಂದಿದ್ದಾನೋ ಆ ಸೇವ್‌ಗಳೆಲ್ಲ ಅದರಲ್ಲೇ ಇವೆ.

ಉತ್ತರ: ಮಾಡಬಹುದು, ಮತ್ತು ಮಾಡಲೇಬೇಕು. ಐದನೇ ಸಲಕ್ಕೆ ಆನ್ ಆಗಿ ಮೂರು ಗಂಟೆ ಆಟ ಓಡಿಸುವ ಯಂತ್ರದ ಮದರ್‌ಬೋರ್ಡ್ (ಮುಖ್ಯ ಸರ್ಕ್ಯೂಟ್ ಬೋರ್ಡ್) ಸತ್ತಿದೆ ಎಂದು ಪರೀಕ್ಷೆಯಿಲ್ಲದೆ ಹೇಳಲಾಗದು. ಮುಖ್ಯ ಚಿಪ್‌ನ ಬೆಸುಗೆ ಬಿರಿದಿದ್ದರೂ ನೀಲಿ ದೀಪವೇ ಬರುತ್ತದೆ, ನಿಜ. ಆದರೆ ಅದೇ ನೀಲಿ ದೀಪ ಕೆಟ್ಟ ಪವರ್ ಸಪ್ಲೈಗೂ ಬರುತ್ತದೆ, ಸಾಯುತ್ತಿರುವ ಹಾರ್ಡ್‌ಡಿಸ್ಕ್‌ಗೂ ಬರುತ್ತದೆ, ಟಿವಿಯ ಜೊತೆ ಎಚ್‌ಡಿಎಂಐ (ಚಿತ್ರ ಸಾಗಿಸುವ ಕೇಬಲ್) ಮಾತುಕತೆ ಕುದುರದಿದ್ದರೂ ಬರುತ್ತದೆ. ಆ ದೀಪ ‘ನಾನು ಶುರುವಾಗುತ್ತಿದ್ದೇನೆ’ ಎಂದಷ್ಟೇ ಹೇಳುತ್ತದೆ. ಎಲ್ಲಿ ಸಿಕ್ಕಿಕೊಂಡಿತು ಎಂದು ಹೇಳುವುದಿಲ್ಲ. ಬಿಳಿ ಬಂದರೆ ಆನ್ ಆಗಿದೆ, ಕಿತ್ತಳೆ ಬಂದರೆ ರೆಸ್ಟ್ ಮೋಡ್ (ಪೂರ್ತಿ ಆರದೆ ಮಲಗಿರುವ ಸ್ಥಿತಿ), ಕೆಂಪು ಮಿಣುಕಿದರೆ ಬಿಸಿ ಮೀರಿದೆ. ಮಳೆ ಹಿಡಿದಾಗಲೇ ಕಾಯಿಲೆ ಶುರುವಾಯಿತು ಎಂದಿರಲ್ಲ, ಇಡೀ ಪತ್ರದಲ್ಲಿ ದೊಡ್ಡ ಸುಳಿವು ಅದು. ಕೊಡಗಿನಲ್ಲಿ ಕನ್ಸೋಲ್‌ಗಳನ್ನು, ಅಂದರೆ ಇಂಥ ಆಟದ ಯಂತ್ರಗಳನ್ನು, ಕೆಡಿಸುವುದು ಬಹುತೇಕ ಗಾಳಿಯ ತೇವ ಮತ್ತು ಕರೆಂಟಿನ ಏರುಪೇರು. ಅಗ್ಗದ ಕಡೆಯಿಂದ ಒಂದೊಂದಾಗಿ ಹೊರಗಿಡುತ್ತ ಹೋಗೋಣ; ಮದರ್‌ಬೋರ್ಡ್ ಕೊನೆಯದು.

ಎಲ್ಲಕ್ಕಿಂತ ಮೊದಲು ಸೇವ್‌ಗಳು. ಮುಂದಿನ ಸಲ ಆನ್ ಆದಾಗ ಆಟ ಹಾಕಬೇಡಿ. ಫ್ಯಾಟ್32 ಅಥವಾ ಎಕ್ಸ್‌ಫ್ಯಾಟ್ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್ ಸಿಕ್ಕಿಸಿ, ಸೆಟ್ಟಿಂಗ್ಸ್‌ನಲ್ಲಿ ಅಪ್ಲಿಕೇಶನ್ ಸೇವ್ಡ್ ಡೇಟಾ ಮ್ಯಾನೇಜ್‌ಮೆಂಟ್ ತೆರೆದು, ಸಿಸ್ಟಂ ಸ್ಟೋರೇಜ್‌ನಲ್ಲಿರುವ ಸೇವ್‌ಗಳನ್ನು ಯುಎಸ್‌ಬಿಗೆ ಕಾಪಿ ಮಾಡಿ. ಪ್ರತಿ ಬಳಕೆದಾರನ ಖಾತೆಯಿಂದಲೂ ಬೇರೆಬೇರೆಯಾಗಿ ಮಾಡಬೇಕು. ಹಾಗೆಯೇ ಟ್ರೋಫಿಗಳನ್ನು ಸಿಂಕ್ ಮಾಡಿಬಿಡಿ. ಆಟಗಳ ಬಗ್ಗೆ ಚಿಂತೆ ಬೇಡ, ಅವನ್ನು ಮತ್ತೆ ಇಳಿಸಿಕೊಳ್ಳಬಹುದು. ಇಷ್ಟು ಆತುರ ಯಾಕೆಂದರೆ ಈ ಹಾರ್ಡ್‌ಡಿಸ್ಕ್ ಅದೇ ಕನ್ಸೋಲ್‌ನ ಕೀಲಿಯಿಂದ ಎನ್‌ಕ್ರಿಪ್ಟ್ ಆಗಿರುತ್ತದೆ. ಕನ್ಸೋಲ್ ಪೂರ್ತಿ ಸತ್ತ ಮೇಲೆ ಡಿಸ್ಕ್ ಬಿಚ್ಚಿ ಕಂಪ್ಯೂಟರಿಗೆ ಹಾಕಿದರೆ ಏನೂ ಓದಲಾಗದು, ಇನ್ನೊಂದು ಪಿಎಸ್4ಗೆ ಹಾಕಿದರೆ ಅದು ಫಾರ್ಮ್ಯಾಟ್ ಕೇಳುತ್ತದೆ. ಪಿಎಸ್ ಪ್ಲಸ್ ಚಂದಾ ಇದ್ದರೆ ಕ್ಲೌಡ್‌ಗೂ ಒಂದು ಪ್ರತಿ ಹಾಕಿ.

ಇನ್ನು ತೇವ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ, ಭಾಗಮಂಡಲದ ಕಡೆ ಅದಕ್ಕಿಂತ ಜಾಸ್ತಿ. ಕಕ್ಕಡದಲ್ಲಿ (ಜುಲೈ–ಆಗಸ್ಟ್‌ನ ಜಡಿಮಳೆಯ ತಿಂಗಳು) ಚಪ್ಪಲಿಯ ಚರ್ಮಕ್ಕೂ ಬೂಷ್ಟು ಹಿಡಿಯುವ ಮನೆಯಲ್ಲಿ ಫ್ಯಾನ್ ಇರುವ ಯಂತ್ರವೊಂದು ಅದೇ ಗಾಳಿಯನ್ನು ಗಂಟೆಗಟ್ಟಲೆ ಒಳಗೆಳೆಯುತ್ತಿರುತ್ತದೆ. ಒಣ ಧೂಳು ವಿದ್ಯುತ್ ಹರಿಸದು; ಆದರೆ ಬೇಸಿಗೆಯಲ್ಲಿ ಕಣದ ಕಡೆಯಿಂದ ಬಂದು ಕೂತ ಧೂಳು, ಒಲೆಯ ಹೊಗೆಯ ಜಿಡ್ಡು ಮಳೆಗಾಲದಲ್ಲಿ ನೀರು ಹೀರಿಕೊಂಡರೆ ಸಣ್ಣ ಸಣ್ಣ ಸೋರಿಕೆಯ ದಾರಿಯಾಗುತ್ತದೆ. ಬೋರ್ಡಿನ ಕಾಲುಗಳು, ಕನೆಕ್ಟರ್‌ಗಳು ಹಸಿರಾಗತೊಡಗುತ್ತವೆ. ರಾತ್ರಿಯಿಡೀ ತಣ್ಣಗಾದ ಲೋಹದ ಮೇಲೆ ಬೆಳಿಗ್ಗೆಯ ಬೆಚ್ಚನೆಯ ತೇವದ ಗಾಳಿ ತಾಗಿದರೆ ಹನಿಗಟ್ಟುವುದೂ ಉಂಟು. ನಾಲ್ಕೈದು ಸಲ ಒತ್ತಿದ ಮೇಲೆ ಆನ್ ಆಗುವುದಕ್ಕೆ ಇದೂ ಕಾರಣವಿರಬಹುದು: ಪ್ರತಿ ಪ್ರಯತ್ನದಲ್ಲೂ ಒಳಗೆ ಸ್ವಲ್ಪ ಬಿಸಿಯೇರಿ ತೇವ ಕಡಿಮೆಯಾಗುತ್ತದೆ. ಆದರೆ ಹಾಗೆ ಒತ್ತುತ್ತ ಹೋಗುವುದು ಒದ್ದೆ ಬೋರ್ಡಿಗೆ ಕರೆಂಟು ಕೊಟ್ಟ ಹಾಗೆ. ನಿಲ್ಲಿಸಿ.

ಒಣಗಿಸುವ ಕ್ರಮ ಹೀಗೆ. ಎಲ್ಲ ವಯರ್ ಕಿತ್ತು, ಆಟದ ಡಿಸ್ಕ್ ಒಳಗಿದ್ದರೆ ತೆಗೆದು, ಗಾಳಿಯಾಡದ ಮುಚ್ಚಳವಿರುವ ದೊಡ್ಡ ಪ್ಲಾಸ್ಟಿಕ್ ಡಬ್ಬದಲ್ಲಿ ಕನ್ಸೋಲ್ ಇಡಿ. ಜೊತೆಗೆ ಅರ್ಧ ಕಿಲೋ ಸಿಲಿಕಾ ಜೆಲ್ ಅನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ ಇಟ್ಟು 48 ಗಂಟೆ ಬಿಡಿ. ಬಣ್ಣ ಬದಲಾಗುವ ಬಗೆಯ ಜೆಲ್ ತೆಗೆದುಕೊಂಡರೆ ಎಷ್ಟು ಹೀರಿದೆ ಎಂದು ಕಣ್ಣಿಗೇ ಕಾಣುತ್ತದೆ. ತುಂಬಿದ ಜೆಲ್ ಅನ್ನು ಓವನ್‌ನಲ್ಲಿ 110ರಿಂದ 120 ಡಿಗ್ರಿಯಲ್ಲಿ ಎರಡು ಗಂಟೆ ಕಾಯಿಸಿದರೆ ಮತ್ತೆ ಬಳಸಬಹುದು. ಅಕ್ಕಿಯಲ್ಲಿ ಹೂಳುವುದು ಬೇಡ. ಅದು ಹೀರುವುದು ಅತ್ಯಲ್ಪ, ಹಿಟ್ಟು ಮಾತ್ರ ಜಾಲರಿಯೊಳಗೆ ಸೇರುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿ ಇಡುವುದಂತೂ ಖಂಡಿತ ಬೇಡ. ಮೆಣಸು, ಮೀನು ಒಣಗಲು ಅದು ಒಳ್ಳೆಯ ಜಾಗ, ಆದರೆ ಹೊಗೆಯ ಟಾರು ಫ್ಯಾನಿನ ಬೇರಿಂಗಿಗೂ ಲೇಸರ್ ಲೆನ್ಸಿಗೂ ಅಂಟಿದರೆ ಬಿಡಿಸುವುದು ಕಷ್ಟ. ಹೇರ್‌ಡ್ರೈಯರ್‌ನ ಬಿಸಿ ಗಾಳಿಯೂ ಬೇಡ.

ಒಣಗಿದ ಮೇಲೆ ಕರೆಂಟಿನ ಪರೀಕ್ಷೆ. ಎಕ್ಸ್‌ಟೆನ್ಶನ್ ಬೋರ್ಡ್ ಬಿಟ್ಟು ನೇರ ಗೋಡೆಯ ಸಾಕೆಟ್‌ಗೆ ಹಾಕಿ. ಸ್ಲಿಮ್‌ಗೆ ಬರುವುದು ಎಂಟರ ಆಕಾರದ ಎರಡು ಪಿನ್ನಿನ ಸಾಮಾನ್ಯ ವಯರ್; ಹಳೆಯ ರೇಡಿಯೊಗಳಿಗೂ ಸೆಟ್‌ಟಾಪ್ ಬಾಕ್ಸ್‌ಗಳಿಗೂ ಅದೇ ಇರುತ್ತದೆ, ಮನೆಯಲ್ಲಿ ಇನ್ನೊಂದಿದ್ದರೆ ಬದಲಿಸಿ ನೋಡಿ. ಮಲ್ಟಿಮೀಟರ್ ಇದ್ದರೆ, ಬಳಸಿ ಅಭ್ಯಾಸವಿದ್ದವರಿಂದ, ಸಾಕೆಟ್ ಅಳೆಸಿ. ಫೇಸ್ ಮತ್ತು ನ್ಯೂಟ್ರಲ್ ನಡುವೆ 230 ವೋಲ್ಟಿನ ಆಸುಪಾಸು ಇರಬೇಕು. ನ್ಯೂಟ್ರಲ್ ಮತ್ತು ಅರ್ತ್ ನಡುವೆ ಎರಡು ಮೂರು ವೋಲ್ಟ್ ಮೀರಬಾರದು. ಹತ್ತು ಹದಿನೈದು ತೋರಿಸಿದರೆ ಅರ್ತಿಂಗ್ ಗುಂಡಿ ಅಥವಾ ನ್ಯೂಟ್ರಲ್ ಜೋಡಣೆಯಲ್ಲಿ ದೋಷವಿದೆ, ಎಲೆಕ್ಟ್ರಿಷಿಯನ್ ಕರೆಸಿ. ಪಿಎಸ್4ನ ಪವರ್ ಸಪ್ಲೈ 100ರಿಂದ 240 ವೋಲ್ಟ್‌ವರೆಗೆ ಕೆಲಸ ಮಾಡುವಂಥದ್ದು, ಹಾಗಾಗಿ ಲೈನಿನ ತುದಿಯ ತೋಟದ ಮನೆಯಲ್ಲಿ 170ಕ್ಕೆ ಇಳಿದರೂ ಅದು ನಡೆಯುತ್ತದೆ. ಆದರೆ ವೋಲ್ಟೇಜ್ ಇಳಿದಷ್ಟೂ ಅದು ಹೆಚ್ಚು ಆಂಪಿಯರ್ ಎಳೆಯುತ್ತದೆ, ಹೆಚ್ಚು ಬಿಸಿಯಾಗುತ್ತದೆ, ಒಳಗಿನ ಕೆಪಾಸಿಟರ್‌ಗಳು (ವಿದ್ಯುತ್ತನ್ನು ಹಿಡಿದಿಡುವ ಬಿಡಿಭಾಗಗಳು) ಬೇಗ ಮುದಿಯಾಗುತ್ತವೆ. ಮುದಿ ಕೆಪಾಸಿಟರ್ ಇರುವ ಸಪ್ಲೈ ತಣ್ಣಗಿರುವಾಗ ಎಡವುತ್ತದೆ, ಸ್ವಲ್ಪ ಬೆಚ್ಚಗಾದ ಮೇಲೆ ನಡೆಯುತ್ತದೆ. ನೀವು ಹೇಳಿದ ಲಕ್ಷಣ ಇದಕ್ಕೆ ಚೆನ್ನಾಗಿ ಹೊಂದುತ್ತದೆ.

ಈಗ ಎಚ್‌ಡಿಎಂಐ. ಕನ್ಸೋಲ್, ಟಿವಿ ಎರಡನ್ನೂ ಸ್ವಿಚ್ಚಿನಲ್ಲೇ ಆರಿಸಿದ ಮೇಲೆ ಮಾತ್ರ ಈ ಕೇಬಲ್ ಮುಟ್ಟಿ. ಇದನ್ನು ಒತ್ತಿ ಹೇಳಲು ಕಾರಣವಿದೆ. ಎರಡು ಪಿನ್ನಿನ ಪ್ಲಗ್‌ಗೆ ಅರ್ತ್ ಇಲ್ಲ. ಕನ್ಸೋಲ್‌ನ ಲೋಹದ ಕವಚದಲ್ಲಿ ಫಿಲ್ಟರ್ ಕೆಪಾಸಿಟರ್‌ಗಳ ಮೂಲಕ ಅತಿ ಸಣ್ಣ ಕರೆಂಟು ಸೋರಿ ನೂರು ವೋಲ್ಟಿನ ಆಸುಪಾಸು ತೇಲುತ್ತಿರುತ್ತದೆ. ಮನುಷ್ಯನಿಗೆ ಸಣ್ಣಗೆ ಜುಮ್ಮೆನ್ನುವುದಷ್ಟೇ, ಆದರೆ ಟಿವಿಗೆ ಡಿಶ್ ಆಂಟೆನಾದ ಕೇಬಲ್ ಮೂಲಕ ಬೇರೆ ಅರ್ತ್ ಸಿಕ್ಕಿದ್ದರೆ ಕೇಬಲ್ ಚುಚ್ಚುವ ಕ್ಷಣದಲ್ಲಿ ಆ ವ್ಯತ್ಯಾಸ ಎಚ್‌ಡಿಎಂಐ ಚಿಪ್ ಮೂಲಕ ಹರಿಯಬಹುದು. ಬಿಳಿ ದೀಪವಿದ್ದೂ ಚಿತ್ರವಿಲ್ಲದ ಕನ್ಸೋಲ್‌ಗಳಲ್ಲಿ ಹಲವು ಹೀಗೆ ಕೆಟ್ಟವು. ಆರಿಸಿದ ಮೇಲೆ ಟಾರ್ಚ್ ಹಿಡಿದು ಪೋರ್ಟಿನೊಳಗೆ ನೋಡಿ: 19 ಪಿನ್‌ಗಳೂ ಸಾಲಾಗಿ, ಹೊಳೆಯುತ್ತ ಇರಬೇಕು. ಒಂದು ಬಾಗಿದ್ದರೂ, ಹಸಿರು ಹತ್ತಿದ್ದರೂ ಚಿತ್ರ ಬಾರದು. ಹಸಿರಷ್ಟೇ ಆಗಿದ್ದರೆ 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಮೆತ್ತನೆಯ ಬ್ರಷ್ ಅದ್ದಿ ಉಜ್ಜಿ, ಅರ್ಧ ಗಂಟೆ ಒಣಗಲು ಬಿಡಿ. ಬೇರೆ ಕೇಬಲ್, ಟಿವಿಯ ಬೇರೆ ಪೋರ್ಟ್, ಸಾಧ್ಯವಾದರೆ ಬೇರೆ ಟಿವಿ, ಮೂರನ್ನೂ ಬದಲಿಸಿ ನೋಡಿ.

ಇದಾದ ಮೇಲೆ ಸೇಫ್ ಮೋಡ್, ಅಂದರೆ ರಿಪೇರಿಗೆಂದೇ ಇರುವ ಸರಳ ಮೆನು. ಕನ್ಸೋಲ್ ಪೂರ್ತಿ ಆರಿರುವಾಗ ಪವರ್ ಬಟನ್ ಒತ್ತಿ ಹಿಡಿಯಿರಿ. ಒತ್ತಿದ ಕೂಡಲೇ ಒಂದು ಬೀಪ್, ಸುಮಾರು ಏಳು ಸೆಕೆಂಡಿಗೆ ಇನ್ನೊಂದು ಬೀಪ್. ಎರಡನೆಯದು ಕೇಳಿದಾಗ ಬಿಡಿ. ಕಂಟ್ರೋಲರ್ ಅನ್ನು ಯುಎಸ್‌ಬಿ ಕೇಬಲ್‌ನಲ್ಲಿ ಜೋಡಿಸಿ ನಡುವಿನ ಪಿಎಸ್ ಬಟನ್ ಒತ್ತಿ. ಬಹಳ ಜನ ಇಲ್ಲೇ ಎಡವುತ್ತಾರೆ: ಎಷ್ಟೋ ಮೈಕ್ರೊ ಯುಎಸ್‌ಬಿ ಕೇಬಲ್‌ಗಳು ಚಾರ್ಜ್ ಮಾತ್ರ ಮಾಡುತ್ತವೆ, ಡೇಟಾ ದಾಟಿಸುವುದಿಲ್ಲ. ‘ಕಂಟ್ರೋಲರ್ ಜೋಡಿಸಿ’ ಎಂಬ ಪರದೆ ಹೋಗುತ್ತಿಲ್ಲವೆಂದರೆ ಕನ್ಸೋಲ್ ಕೆಟ್ಟಿಲ್ಲ, ಕೇಬಲ್ ಬದಲಿಸಿ. ಸೇಫ್ ಮೋಡಿನಲ್ಲಿ ಚಿತ್ರ ಕಡಿಮೆ ರೆಸೊಲ್ಯೂಶನ್‌ನಲ್ಲಿ ಬರುತ್ತದೆ. ಅದರಲ್ಲಿ ಚಿತ್ರ ಬಂದು ಮಾಮೂಲಿ ಆನ್ ಮಾಡಿದಾಗ ಬಾರದಿದ್ದರೆ ಪೋರ್ಟ್ ಸರಿಯಿದೆ, ತಕರಾರು ಟಿವಿ ಹೊಂದಾಣಿಕೆಯದು. ಎರಡನೇ ಆಯ್ಕೆ ಚೇಂಜ್ ರೆಸೊಲ್ಯೂಶನ್ ಸಾಕು. ಸೇಫ್ ಮೋಡೇ ಬಾರದೆ ನೀಲಿ ಮಿಣುಕಿ ಆರಿದರೆ ಮುಂದಿನ ಪರೀಕ್ಷೆ ಹಾರ್ಡ್‌ಡಿಸ್ಕಿನದು.

ಸೇಫ್ ಮೋಡ್ ಬಂತೆನ್ನಿ, ಐದನೇ ಆಯ್ಕೆ ರೀಬಿಲ್ಡ್ ಡೇಟಾಬೇಸ್ ಮಾಡಿಸಿ. ಇದು ಆಟ, ಸೇವ್ ಯಾವುದನ್ನೂ ಅಳಿಸುವುದಿಲ್ಲ. ಡಿಸ್ಕಿನಲ್ಲಿ ಏನೇನು ಎಲ್ಲಿದೆ ಎಂಬ ಪಟ್ಟಿಯನ್ನು ಹೊಸದಾಗಿ ಬರೆಯುತ್ತದೆ. ಕೆಲವು ನಿಮಿಷ ಆಗಬಹುದು, ಡಿಸ್ಕ್ ತುಂಬಿದ್ದರೆ ಗಂಟೆಗಳೂ ಆಗಬಹುದು. ನಡುವೆ ಕರೆಂಟು ಹೋದರೆ ಇದ್ದದ್ದೂ ಕೆಡುತ್ತದೆ, ಆದ್ದರಿಂದ ಗಾಳಿಮಳೆಯ ಸಂಜೆ ಈ ಕೆಲಸಕ್ಕೆ ಕೈ ಹಾಕಬೇಡಿ. ಆರು, ಏಳನೇ ಆಯ್ಕೆಗಳು ಎಲ್ಲವನ್ನೂ ಅಳಿಸುತ್ತವೆ. ಸೇವ್ ಪೆನ್‌ಡ್ರೈವ್‌ಗೆ ಹೋಗುವ ತನಕ ಅವುಗಳ ಹತ್ತಿರ ಸುಳಿಯಬೇಡಿ.

ಹಾರ್ಡ್‌ಡಿಸ್ಕ್ ಬಗ್ಗೆ ನನಗೆ ಪವರ್ ಸಪ್ಲೈಯಷ್ಟೇ ಅನುಮಾನವಿದೆ. ಐದು ವರ್ಷ, ಪ್ರತಿ ಮಳೆಗಾಲದಲ್ಲಿ ಮರ ಬಿದ್ದು ಲೈನ್ ಕಡಿದಾಗಲೆಲ್ಲ ತಿರುಗುತ್ತಿದ್ದ ಡಿಸ್ಕ್ ದಢಕ್ಕನೆ ನಿಂತಿದೆ. ಆಟ ಮಧ್ಯೆ ಮುಚ್ಚಿಕೊಂಡು ಸಿಇ-34878-0 ಎಂದು ಪದೇ ಪದೇ ಬರುವುದು ಆಟದ ಡೇಟಾ ಕೆಟ್ಟಿದ್ದಕ್ಕೂ ಇರಬಹುದು. ಸಿಇ-34335-8 ಬಂದರೆ ಮಾತ್ರ ಡಿಸ್ಕನ್ನೇ ತಲುಪಲಾಗುತ್ತಿಲ್ಲ ಎಂದರ್ಥ. ಪರೀಕ್ಷೆ ಸುಲಭ. ಸ್ಲಿಮ್‌ನ ಹಿಂಬದಿಯ ಮೂಲೆಯಲ್ಲಿ ಒಂದು ಸಣ್ಣ ಪ್ಲಾಸ್ಟಿಕ್ ಮುಚ್ಚಳ ಜಾರಿ ಬರುತ್ತದೆ. ಒಳಗೆ ತ್ರಿಕೋನ, ವೃತ್ತ, ಇಂಟು, ಚೌಕದ ಗುರುತಿರುವ ಒಂದೇ ಒಂದು ಸ್ಕ್ರೂ. ಅದನ್ನು ಬಿಚ್ಚಿ ಡಿಸ್ಕಿನ ತಟ್ಟೆ ಎಳೆಯಿರಿ. ಡಿಸ್ಕ್ ಇಲ್ಲದೆಯೇ ಕನ್ಸೋಲ್ ಆನ್ ಮಾಡಿ. ಹಾರ್ಡ್‌ಡಿಸ್ಕ್ ಸಿಗುತ್ತಿಲ್ಲ ಎಂಬ ಅರ್ಥದ ಸಂದೇಶ ಪ್ರತಿ ಸಲವೂ ತಪ್ಪದೆ ಪರದೆಗೆ ಬಂದರೆ ಒಳ್ಳೆಯ ಸುದ್ದಿ: ಮದರ್‌ಬೋರ್ಡ್, ಪವರ್ ಸಪ್ಲೈ, ಎಚ್‌ಡಿಎಂಐ ಮೂರೂ ಬಹುಮಟ್ಟಿಗೆ ಸರಿಯಿವೆ, ಕಳ್ಳ ಸಿಕ್ಕಿಬಿದ್ದ. ಡಿಸ್ಕ್ ಇಲ್ಲದಾಗಲೂ ಅದೇ ನೀಲಿ ಮಿಣುಕಾಟವಾದರೆ ಡಿಸ್ಕ್ ನಿರಪರಾಧಿ. ಹತ್ತು ಸಲ ಆನ್-ಆಫ್ ಮಾಡಿ ಎಣಿಸಿ; ಬಂದು ಹೋಗುವ ಕಾಯಿಲೆಗೆ ಒಂದೇ ಸಲದ ಪರೀಕ್ಷೆ ಸಾಲದು.

ಬದಲಿ ಹಾಕುವುದಾದರೆ 2.5 ಇಂಚಿನ, 9.5 ಮಿಲಿಮೀಟರ್ ಮೀರದ ದಪ್ಪದ ಸಾಟಾ ಎಸ್‌ಎಸ್‌ಡಿ ತೆಗೆದುಕೊಳ್ಳಿ. ತಿರುಗುವ ಭಾಗವಿಲ್ಲದ್ದರಿಂದ ಕರೆಂಟು ಹೋದಾಗಿನ ಪೆಟ್ಟು ಕಡಿಮೆ, ಆಟಗಳೂ ಬೇಗ ತೆರೆಯುತ್ತವೆ. ತಟ್ಟೆಗೆ ನಾಲ್ಕು ಸ್ಕ್ರೂ, ಸಾಮಾನ್ಯ ಸ್ಟಾರ್ ಸ್ಕ್ರೂಡ್ರೈವರ್ ಸಾಕು. ಆಮೇಲೆ ಸಿಸ್ಟಂ ಸಾಫ್ಟ್‌ವೇರ್ ಹಾಕಬೇಕು. ಸೋನಿಯ ತಾಣದಿಂದ ‘ರೀಇನ್‌ಸ್ಟಾಲೇಶನ್’ ಎಂದಿರುವ, ಒಂದು ಜಿಬಿ ಮೀರುವ ದೊಡ್ಡ ಫೈಲನ್ನೇ ಇಳಿಸಿ. ಬರೀ ಅಪ್‌ಡೇಟ್‌ನ ಚಿಕ್ಕ ಫೈಲ್ ಖಾಲಿ ಡಿಸ್ಕಿಗೆ ಆಗದು. ಪೆನ್‌ಡ್ರೈವ್‌ನಲ್ಲಿ ಪಿಎಸ್4 ಎಂಬ ಫೋಲ್ಡರ್, ಅದರೊಳಗೆ ಅಪ್‌ಡೇಟ್ ಎಂಬ ಫೋಲ್ಡರ್, ಎರಡೂ ಇಂಗ್ಲಿಷ್ ದೊಡ್ಡಕ್ಷರಗಳಲ್ಲಿ. ಒಳಗೆ ಇಡುವ ಫೈಲಿನ ಹೆಸರು ಪಿಎಸ್4ಅಪ್‌ಡೇಟ್, ಅದೂ ದೊಡ್ಡಕ್ಷರ, ನಡುವೆ ಖಾಲಿ ಜಾಗವಿಲ್ಲ, ಕೊನೆಗೆ ಚುಕ್ಕಿ ಪಿಯುಪಿ (PS4UPDATE.PUP). ಎರಡು ಸಲ ಇಳಿಸಿದ್ದರೆ ಬ್ರೌಸರ್ ಹೆಸರಿನ ಕೊನೆಗೆ ತಾನೇ ಒಂದು ಅಂಕಿ ಅಂಟಿಸಿರುತ್ತದೆ, ಅದನ್ನು ಅಳಿಸಿ. ‘ಫೈಲ್ ಸಿಗುತ್ತಿಲ್ಲ’ ಎನ್ನುವ ದೂರುಗಳಲ್ಲಿ ಹೆಚ್ಚಿನವು ಈ ಅಂಕಿಯಿಂದಲೇ. ಆಮೇಲೆ ಸೇಫ್ ಮೋಡಿನ ಏಳನೇ ಆಯ್ಕೆ. ಮನೆಯಲ್ಲಿ ನೆಟ್‌ವರ್ಕ್ ಒಂದು ಗೀಟಿಗೆ ಇಳಿದಿದ್ದರೆ ಮಡಿಕೇರಿಗೋ ವಿರಾಜಪೇಟೆಗೋ ಹೋದಾಗ ಯಾರದಾದರೂ ಕಂಪ್ಯೂಟರಿನಲ್ಲಿ ಇಳಿಸಿ ತನ್ನಿ.

ಡಿಸ್ಕೂ ಅಲ್ಲ, ಎಚ್‌ಡಿಎಂಐಯೂ ಅಲ್ಲ ಎಂದಾದರೆ ಪವರ್ ಸಪ್ಲೈ. ಇಲ್ಲಿ ಕಟ್ಟುನಿಟ್ಟಾಗಿ ಒಂದು ಮಾತು: ಸಪ್ಲೈಯ ಡಬ್ಬಿಯನ್ನು ಮನೆಯಲ್ಲಿ ಬಿಚ್ಚಬೇಡಿ. 230 ವೋಲ್ಟನ್ನು ಡಿಸಿ (ಏಕಮುಖ) ವಿದ್ಯುತ್ತಾಗಿ ಬದಲಿಸಿದಾಗ ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ 325 ವೋಲ್ಟಿನ ಆಸುಪಾಸು ತುಂಬಿರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿಯಬಹುದು. ಬದಲಿಸುವುದಾದರೆ ಇಡೀ ಘಟಕವನ್ನೇ ಬದಲಿಸಬೇಕು. ಸ್ಲಿಮ್‌ನಲ್ಲೇ ಒಂದಕ್ಕಿಂತ ಹೆಚ್ಚು ಬಗೆಯವು ಇವೆ. ಕನ್ಸೋಲ್‌ನ ಹಿಂದಿನ ಸಿಯುಎಚ್-2 ಎಂದು ಶುರುವಾಗುವ ಮಾದರಿ ಸಂಖ್ಯೆ ಮತ್ತು ಹಳೆಯ ಸಪ್ಲೈಯ ಮೇಲಿನ ಎಡಿಪಿ-160 ಅಥವಾ ಎನ್16 ಎಂದು ಶುರುವಾಗುವ ಸಂಖ್ಯೆ, ಎರಡನ್ನೂ ಬರೆದುಕೊಂಡು ಅದಕ್ಕೆ ಹೊಂದುವುದನ್ನೇ ತರಿಸಿ. ಕನೆಕ್ಟರ್ ಹೊಂದಿದ ಮಾತ್ರಕ್ಕೆ ಮೊದಲಿನ ದಪ್ಪ ಪಿಎಸ್4 ಮಾದರಿಯದ್ದನ್ನೋ ಪಿಎಸ್4 ಪ್ರೊದ್ದನ್ನೋ ಹಾಕಬಾರದು. ಕನ್ಸೋಲ್ ಬಿಚ್ಚಿದಾಗ ಸಪ್ಲೈ ಡಬ್ಬಿಯ ಜಾಲರಿಯ ಒಳಕ್ಕೆ ಟಾರ್ಚ್ ಬಿಟ್ಟು ನೋಡಿಸಿ. ಚಳಿಗೆ ಬೆಚ್ಚಗಿನ ಜಾಗ ಹುಡುಕುವ ಜಿರಲೆ, ಇರುವೆ, ಹಲ್ಲಿಗಳು ಅಲ್ಲಿ ಸೇರುತ್ತವೆ. ಒಂದು ಹಲ್ಲಿ ಮರಿ ಎರಡು ತಂತಿಯ ನಡುವೆ ಬಿದ್ದರೆ ಇಡೀ ಸಪ್ಲೈ ಹೋಗುತ್ತದೆ.

ಫ್ಯಾನಿನ ಸದ್ದು ಬೇರೆ ಕಾಯಿಲೆ, ಆದರೆ ಇದನ್ನು ಬಿಟ್ಟರೆ ನಾಳೆ ನಿಜವಾಗಿಯೂ ಮದರ್‌ಬೋರ್ಡ್ ಹೋಗುತ್ತದೆ. ಹಿಂಬದಿಯ ಸ್ಟಿಕರ್ ಅಡಿಯಲ್ಲಿರುವ, ನಡುವೆ ಚುಕ್ಕೆಯಂಥ ಉಬ್ಬಿರುವ ನಕ್ಷತ್ರ ಸ್ಕ್ರೂಗಳಿಗೆ ತೂತಿರುವ ಟಿ8 ಸೆಕ್ಯುರಿಟಿ ಬಿಟ್ ಬೇಕು. ಸಾಮಾನ್ಯ ಟಿ8 ಒಳಗಿಳಿಯದು. ಫ್ಯಾನಿನ ರೆಕ್ಕೆಯನ್ನು ಬೆರಳಿನಲ್ಲಿ ಹಿಡಿದು ನಿಲ್ಲಿಸಿಕೊಂಡೇ ಗಾಳಿ ಊದಿ. ಬಿಟ್ಟರೆ ಅದು ಗಿರ್ರನೆ ತಿರುಗಿ ಡೈನಮೊದಂತೆ ಬೋರ್ಡಿಗೆ ವಿದ್ಯುತ್ ತಳ್ಳುತ್ತದೆ, ಬೇರಿಂಗೂ ಸವೆಯುತ್ತದೆ. ನಿಜವಾದ ತಡೆ ಇರುವುದು ಹೀಟ್‌ಸಿಂಕ್‌ನ (ಚಿಪ್‌ನ ಬಿಸಿ ಹೊರಹಾಕುವ ಲೋಹದ ಭಾಗ) ತೆಳು ರೆಕ್ಕೆಗಳ ಮಧ್ಯೆ, ಫ್ಯಾನಿನ ಹಿಂದೆ. ಮಳೆಗಾಲದ ಧೂಳು ಪುಡಿಯಾಗಿ ಇರದೆ ಹಾಸಿಗೆಯ ಹತ್ತಿಯಂತೆ ಹೆಪ್ಪುಗಟ್ಟಿರುತ್ತದೆ, ಊದಿದರೆ ಹೋಗದು, ಮೆತ್ತನೆ ಬ್ರಷ್ ಮತ್ತು ಚಿಮಟಿ ಬೇಕು. ಐದು ವರ್ಷವಾದ್ದರಿಂದ ಚಿಪ್‌ನ ಬಿಸಿಯನ್ನು ಹೀಟ್‌ಸಿಂಕ್‌ಗೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿ ಸೀಮೆಸುಣ್ಣದಂತಾಗಿರುತ್ತದೆ; ಐಸೊಪ್ರೊಪೈಲ್‌ನಲ್ಲಿ ಒರೆಸಿ ತೆಳ್ಳನೆಯ ಹೊಸ ಪದರ ಹಚ್ಚಬೇಕು. ಬಿಚ್ಚಿ ಅಭ್ಯಾಸವಿಲ್ಲದಿದ್ದರೆ ಇಷ್ಟನ್ನು ಅಂಗಡಿಯಲ್ಲಿ ಮಾಡಿಸಿ, ದುಬಾರಿ ಕೆಲಸವಲ್ಲ. ಮನೆಯಲ್ಲಿ ಪ್ಲೇಸ್ಟೇಷನ್ 5 ಇರುವವರು ಇದನ್ನು ನಕಲು ಮಾಡಬೇಡಿ: ಅದರ ಚಿಪ್‌ನ ಮೇಲಿರುವುದು ಪೇಸ್ಟ್ ಅಲ್ಲ, ದ್ರವ ಲೋಹ. ಅದು ವಿದ್ಯುತ್ ಹರಿಸುತ್ತದೆ, ಒಂದು ಹನಿ ಜಾರಿದರೆ ಬೋರ್ಡ್ ಸುಡುತ್ತದೆ. ಪಿಎಸ್5ರಲ್ಲಿ ಪಕ್ಕದ ಬಿಳಿ ಹಲಗೆ ತೆಗೆದರೆ ಧೂಳು ಸೇರುವ ತೂತುಗಳು ಕಾಣುತ್ತವೆ, ಅಲ್ಲಿ ವ್ಯಾಕ್ಯೂಮ್ ಹಿಡಿದರೆ ಸಾಕು.

ಸ್ಟಿಕ್ ಸರಿಯುವುದು ಕಂಟ್ರೋಲರ್‌ನದೇ ದೋಷ, ಕನ್ಸೋಲ್‌ಗೆ ಸಂಬಂಧವಿಲ್ಲ. ಸ್ಟಿಕ್‌ನ ಎರಡು ಪಕ್ಕದಲ್ಲಿ ಪುಟ್ಟ ಪೊಟೆನ್ಶಿಯೊಮೀಟರ್‌ಗಳಿವೆ. ಕಾರ್ಬನ್ ಹಾದಿಯ ಮೇಲೆ ಲೋಹದ ಬೆರಳು ಜಾರುತ್ತದೆ. ಹಾದಿ ಸವೆದರೆ ಅಥವಾ ಅಲ್ಲಿ ತೇವ, ಕೊಳೆ ಕೂತರೆ ನಡುವಿನ ಸ್ಥಾನವನ್ನು ತಪ್ಪಾಗಿ ಓದುತ್ತದೆ. ಮೊದಲು ಹಿಂಬದಿಯಲ್ಲಿ ಎಲ್2 ಬಳಿಯ ಸಣ್ಣ ತೂತಿಗೆ ಪಿನ್ನು ಹಾಕಿ ಐದು ಸೆಕೆಂಡು ಒತ್ತಿ, ಕೇಬಲ್‌ನಲ್ಲಿ ಮತ್ತೆ ಜೋಡಿಸಿ. ಹೋಗದಿದ್ದರೆ ಕಂಟ್ರೋಲರ್ ಆಫ್ ಮಾಡಿ, ಸ್ಟಿಕ್ ಬಾಗಿಸಿ ಬುಡಕ್ಕೆ ಎರಡು ಮೂರು ಹನಿ 99 ಶೇಕಡಾ ಐಸೊಪ್ರೊಪೈಲ್ ಬಿಟ್ಟು, ಮೂವತ್ತು ಸಲ ಸುತ್ತಲೂ ತಿರುಗಿಸಿ, ಅರ್ಧ ಗಂಟೆ ಒಣಗಿಸಿ. ಮೆಡಿಕಲ್‌ನಲ್ಲಿ ಸಿಗುವ 70 ಶೇಕಡಾದ್ದು ಬೇಡ, ಉಳಿದ 30 ನೀರೇ. ಡಬ್ಲ್ಯುಡಿ-40ನ ಸಾಮಾನ್ಯ ಡಬ್ಬಿಯೂ ಬೇಡ, ಎಣ್ಣೆ ಉಳಿದು ಧೂಳು ಹಿಡಿಯುತ್ತದೆ. ತೇವದಿಂದ ಸ್ಟಿಕ್ ಸರಿಯುತ್ತಿದ್ದರೆ ಇದರಲ್ಲಿ ನಿಲ್ಲುತ್ತದೆ. ಸವೆತದಿಂದ ಆದದ್ದು ಒಂದೆರಡು ವಾರದಲ್ಲಿ ಮರಳುತ್ತದೆ. ಆಗ ಸ್ಟಿಕ್‌ನ ಮಾಡ್ಯೂಲನ್ನೇ ಬದಲಿಸಬೇಕು. 14 ಬೆಸುಗೆ ಬಿಂದುಗಳ ಕೆಲಸ, ಮೊಬೈಲ್ ರಿಪೇರಿಯವರ ಕೈಗೆ ಸುಲಭ. ಆಯಸ್ಕಾಂತದಿಂದ ಸ್ಥಾನ ಓದುವ, ಉಜ್ಜಿ ಸವೆಯುವ ಹಾದಿಯಿಲ್ಲದ ಹಾಲ್ ಎಫೆಕ್ಟ್ ಮಾಡ್ಯೂಲ್ ಹಾಕಿಸಿದರೆ ಬಾಳಿಕೆ ಬರುತ್ತದೆ, ಆದರೆ ಹಾಕಿದ ಮೇಲೆ ಕ್ಯಾಲಿಬ್ರೇಟ್ ಮಾಡಿಕೊಡಲು ಗೊತ್ತಿದೆಯೇ ಎಂದು ಮೊದಲೇ ಕೇಳಿ.

ನೀವು ಕೇಳದಿದ್ದರೂ ಹೇಳಬೇಕಾದದ್ದು ಆಟದ ಡಿಸ್ಕ್‌ಗಳ ಬಗ್ಗೆ. ಮಳೆಗಾಲದಲ್ಲಿ ಅವುಗಳ ಮೇಲೆ ಮಬ್ಬು ಚುಕ್ಕೆಗಳಾಗಿ ಬೂಷ್ಟು ಬರುತ್ತದೆ, ಕನ್ಸೋಲ್ ಓದದೆ ಉಗುಳುತ್ತದೆ. ಕನ್ನಡಕ ಒರೆಸುವ ಬಟ್ಟೆಯಿಂದ ನಡುವಿನಿಂದ ಅಂಚಿನತ್ತ ನೇರಗೆರೆಯಲ್ಲಿ ಒರೆಸಿ, ಸುತ್ತಲೂ ಅಲ್ಲ. ಟೂತ್‌ಪೇಸ್ಟ್ ಉಜ್ಜುವ ಹಳೆಯ ಉಪಾಯ ಸಿಡಿಗೆ ನಡೆಯುತ್ತಿತ್ತು; ಬ್ಲೂ-ರೇಯಲ್ಲಿ ಡೇಟಾ ಇರುವುದು ಮೇಲ್ಮೈಯಿಂದ ಬರೀ 0.1 ಮಿಲಿಮೀಟರ್ ಒಳಗೆ, ಉಜ್ಜಿದರೆ ಗಟ್ಟಿ ಲೇಪವೇ ಹೋಗುತ್ತದೆ.

ಇನ್ನು ಮುಂದಿನ ಮಳೆಗಾಲಕ್ಕೆ. ಕನ್ಸೋಲನ್ನು ಹೊರಗೋಡೆಗೆ ತಾಗಿಸಿ ಇಡಬೇಡಿ, ಮಳೆ ಹೊಡೆಯುವ ಗೋಡೆ ಒಳಗೂ ಬೆವರುತ್ತದೆ. ಬಾಗಿಲಿರುವ ಬೀರುವಿನಲ್ಲಿಟ್ಟು ಆಡಬೇಡಿ. ಹಿಂದೆ, ಪಕ್ಕದಲ್ಲಿ ಒಂದು ಗೇಣು ಜಾಗ ಬಿಡಿ. ಬಳಸದಿದ್ದರೂ ಎರಡು ಮೂರು ದಿನಕ್ಕೊಮ್ಮೆ ಒಂದು ಗಂಟೆ ಓಡಿಸಿ, ಒಳಗಿನ ಬಿಸಿಯೇ ತೇವ ಓಡಿಸುತ್ತದೆ. ಮಕ್ಕಳು ಶಾಲೆ ಹಾಸ್ಟೆಲಿಗೆ ಹೋಗಿ ತಿಂಗಳುಗಟ್ಟಲೆ ಮುಟ್ಟದ ಮನೆಗಳಲ್ಲೇ ಕನ್ಸೋಲ್ ಬೇಗ ಕೆಡುವುದು. ರೆಸ್ಟ್ ಮೋಡ್ ಅನ್ನು ಮಳೆಗಾಲ ಮುಗಿಯುವವರೆಗೆ ಮರೆತುಬಿಡಿ: ಕಿತ್ತಳೆ ದೀಪವಿರುವಾಗ ಕರೆಂಟು ಹೋದರೆ ಅದು ಅರ್ಧಕ್ಕೆ ನಿಂತ ಲೆಕ್ಕ, ಹೊರಗಿನ ಯುಎಸ್‌ಬಿ ಡಿಸ್ಕ್ ಇದ್ದರಂತೂ ಅದರ ಡೇಟಾಗೆ ಅಪಾಯ.

ಸಿಡಿಲಿನ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಜುಲೈನ ಜಡಿಮಳೆಗಿಂತ ಕಾಫಿ ಹೂಮಳೆಯ ಹೊತ್ತಿನಿಂದ ಮೇವರೆಗೆ, ಮತ್ತೆ ಅಕ್ಟೋಬರಿನ ಸಂಜೆಗಳಲ್ಲಿ ಗುಡುಗು ಹೆಚ್ಚು. ‘ಮಳೆ ಇನ್ನೂ ದೂರ’ ಎಂದು ಪ್ಲಗ್ ಬಿಟ್ಟಿರುವಾಗಲೇ ಪೆಟ್ಟು ಬೀಳುತ್ತದೆ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕೀಳಬೇಕು. ಜೊತೆಗೆ ಡಿಶ್‌ನ ಕೇಬಲ್ ಮತ್ತು ತಾಮ್ರದ ಲ್ಯಾನ್ ವಯರನ್ನೂ ಬಿಡಿಸಬೇಕು, ಸಿಡಿಲಿನ ಹೊಡೆತ ಛಾವಣಿಯ ಡಿಶ್‌ನಿಂದ ಟಿವಿಗೆ, ಅಲ್ಲಿಂದ ಎಚ್‌ಡಿಎಂಐ ಹಿಡಿದು ಕನ್ಸೋಲ್‌ಗೆ ಬರುತ್ತದೆ.

ಕರೆಂಟು ಹೋದಾಗ ಸ್ವಿಚ್ ಆರಿಸಿ, ಬಂದ ಮೇಲೆ ಐದು ನಿಮಿಷ ಕಾದು ಹಾಕಿ. ಲೈನ್ ಜೋಡಿಸುವ ಕ್ಷಣದಲ್ಲಿ ಬಂದು ಹೋಗುವ ಎರಡು ಮೂರು ಜರ್ಕ್‌ಗಳೇ ಅಪಾಯದವು. ಸ್ಲಿಮ್ ಆಟವಾಡುವಾಗ ಸುಮಾರು ನೂರು ವ್ಯಾಟ್ ಎಳೆಯುತ್ತದೆ, ಟಿವಿಯೂ ಸೇರಿ 600 ವಿಎ ಯುಪಿಎಸ್ ಸಾಕು. ಹತ್ತು ನಿಮಿಷ ಸಿಕ್ಕರೂ ಸೇವ್ ಮಾಡಿ ಕ್ರಮವಾಗಿ ಮುಚ್ಚಬಹುದು. ಪಿಎಸ್5ಗೆ 1000 ವಿಎ ತೆಗೆದುಕೊಳ್ಳಿ. ತೋಟದ ಜನರೇಟರ್‌ನಲ್ಲಿ ಆಡುವುದಾದರೆ ಮೋಟಾರು, ಕಾಫಿ ಪಲ್ಪರ್ (ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಓಡುತ್ತಿಲ್ಲದ ಹೊತ್ತು ನೋಡಿ. ಮೋಟಾರು ಶುರುವಾಗುವಾಗ ವೋಲ್ಟೇಜ್ ಕುಸಿದು, ನಿಲ್ಲಿಸಿದಾಗ ಮೇಲಕ್ಕೆ ಹಾರುತ್ತದೆ. ಎಕ್ಸ್‌ಬಾಕ್ಸ್ ಒನ್ ಇರುವವರಿಗೆ ಸೇರಿಸಿ ಹೇಳುವುದಾದರೆ, ಮೊದಲ ಮಾದರಿಯ ಇಟ್ಟಿಗೆಯಂಥ ಹೊರಗಿನ ಸಪ್ಲೈ ಒಳಗೇ ಸರ್ಜ್ ರಕ್ಷಣೆಯಿದೆ. ಜರ್ಕ್ ಬಂದು ಸತ್ತಂತೆ ಕಂಡರೆ ವಯರ್ ಕಿತ್ತು ಹತ್ತು ಸೆಕೆಂಡು ಬಿಟ್ಟು ಹಾಕಿ, ಬಹಳ ಸಲ ಎದ್ದು ಕೂರುತ್ತದೆ.

ಇಷ್ಟೆಲ್ಲ ಮಾಡಿಯೂ ನೀಲಿ ದೀಪ ಬಿಡದಿದ್ದರೆ ಮೈಸೂರಿಗೋ ಮಂಗಳೂರಿಗೋ ಒಯ್ಯಿರಿ, ಆದರೆ ಬರಿಗೈಯಲ್ಲಿ ಹೋಗಬೇಡಿ. ಡಿಸ್ಕ್ ಇಲ್ಲದೆ ಹತ್ತರಲ್ಲಿ ಎಷ್ಟು ಸಲ ಆನ್ ಆಯಿತು, ಸೇಫ್ ಮೋಡ್ ಬಂತೇ, ಬೇರೆ ಟಿವಿಯಲ್ಲಿ ಏನಾಯಿತು, ಇವನ್ನು ಒಂದು ಚೀಟಿಯಲ್ಲಿ ಬರೆದುಕೊಡಿ. ಒಂದೇ ಕೇಳಿ: ‘ಕೆಲಸ ಮಾಡುವ ಬೇರೆ ಪವರ್ ಸಪ್ಲೈ ಹಾಕಿ ನನ್ನೆದುರು ಆನ್ ಮಾಡಿ ತೋರಿಸುತ್ತೀರಾ?’ ಹತ್ತಿಪ್ಪತ್ತು ನಿಮಿಷದ ಕೆಲಸ ಅದು. ಹಾಕಿ ನೋಡಿದ ಮೇಲೂ ನೀಲಿಯೇ ಬಂದರೆ ಮದರ್‌ಬೋರ್ಡ್ ಎಂಬ ಮಾತನ್ನು ಒಪ್ಪಬಹುದು. ಆಗ ಚಿಪ್‌ಗೆ ಬಿಸಿಗಾಳಿ ಕೊಟ್ಟು ‘ರೀಫ್ಲೋ’ ಮಾಡಿಕೊಡುತ್ತೇವೆ ಎಂದರೆ ದುಡ್ಡು ಕೊಡಬೇಡಿ. ಸೀಸವಿಲ್ಲದ ಬೆಸುಗೆ ಕರಗಲು ಸುಮಾರು 217 ಡಿಗ್ರಿ ಬೇಕು, ಅಂಗಡಿಯ ಹೀಟ್‌ಗನ್‌ನಲ್ಲಿ ಅದು ಸಮನಾಗಿ ತಲುಪದು. ಕೆಲವು ವಾರ ಓಡಿ ಮತ್ತೆ ನಿಲ್ಲುತ್ತದೆ. ಆ ಹಣವನ್ನು ಮಾದರಿ ಸಂಖ್ಯೆ ಹೊಂದುವ ಸೆಕೆಂಡ್ ಹ್ಯಾಂಡ್ ಸ್ಲಿಮ್‌ಗೆ ಹಾಕಿ. ನಿಮ್ಮ ಹೊಸ ಎಸ್‌ಎಸ್‌ಡಿ, ಕಂಟ್ರೋಲರ್, ಪೆನ್‌ಡ್ರೈವ್‌ನಲ್ಲಿರುವ ಮಗನ ಸೇವ್‌ಗಳು ಅದೇ ಖಾತೆಯಲ್ಲಿ ಅದರಲ್ಲಿ ನಡೆಯುತ್ತವೆ.